ಎರಡನೇ ಲೈನ್ ನಿಜಕ್ಕೂ ಬೇರೆ ದಾರಿಯದ್ದಾ? ನಮ್ಮ ಸಂಸದರಿಗೆ ಒಂದು ಬಹಿರಂಗ ಪತ್ರ

ಚಿಕ್ಕಬಳ್ಳಾಪುರ ಲೋಕಸಭಾ ಸದಸ್ಯರಾದ ಡಾ. ಕೆ. ಸುಧಾಕರ್ ಅವರಿಗೆ,

ನಮಸ್ಕಾರ ಸರ್. ರಸ್ತೆ, ಕುಡಿಯುವ ನೀರು, ಎತ್ತಿನಹೊಳೆ ಅಂತ ನಿಮಗೆ ದಿನಾ ಅರ್ಜಿಗಳು ಬರುತ್ತವೆ. ಇದು ಅಂಥದ್ದಲ್ಲ. ಕೆಂಪೇಗೌಡ ವಿಮಾನ ನಿಲ್ದಾಣದ ಬಗ್ಗೆ ಬರೆಯುತ್ತಿದ್ದೇನೆ. ಅದು ಬೆಂಗಳೂರಿನದು, ನಮಗೇನು ಅಂತ ಊರಲ್ಲಿ ಕೆಲವರು ಅಂದರು. ಆದರೆ ದೇವನಹಳ್ಳಿ ಇರುವುದು ನಮ್ಮ ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದಲ್ಲೇ ಅಲ್ವಾ? ದಿಲ್ಲಿಯಲ್ಲಿ ಅದರ ಪರವಾಗಿ ಕೇಳಬೇಕಾದವರು ನೀವೇ.

ಕೇಳಬೇಕಾಗಿರುವುದು ಪೈಲಟ್ ಮತ್ತು ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ನಡುವಿನ ರೇಡಿಯೊ ಮಾತಿನ ಬಗ್ಗೆ. ಅದು ಇದ್ದಕ್ಕಿದ್ದಂತೆ ಕಡಿದು ಹೋದರೆ ಏನು ವ್ಯವಸ್ಥೆ ಇದೆ?

2025ರ ಏಪ್ರಿಲ್ 28ರಂದು ಅಮೆರಿಕದ ನೆವಾರ್ಕ್ ನಿಲ್ದಾಣಕ್ಕೆ ಬರುವ ವಿಮಾನಗಳನ್ನು ನೋಡಿಕೊಳ್ಳುತ್ತಿದ್ದ ಫಿಲಡೆಲ್ಫಿಯಾದ ಕಂಟ್ರೋಲರ್‌ಗಳಿಗೆ ರೇಡಾರ್ ಮತ್ತು ರೇಡಿಯೊ ಎರಡೂ ಒಟ್ಟಿಗೆ ಹೋದವು. ಸುಮಾರು 90 ಸೆಕೆಂಡ್ ಅಷ್ಟೇ. ಆದರೆ ಆಮೇಲೆ ಹಲವು ಕಂಟ್ರೋಲರ್‌ಗಳು ಮಾನಸಿಕ ಆಘಾತದ ರಜೆ ಹಾಕಿದರು. ಮೇ 9ರ ಬೆಳಗಿನ ಜಾವ ಮತ್ತೆ ಅದೇ ಆಯಿತು. ಕಾರಣ ಹುಡುಕಿದಾಗ ಸಿಕ್ಕಿದ್ದು ಹಳೆಯ ತಾಮ್ರದ ಲೈನುಗಳು. ಮುಖ್ಯ ಲೈನ್ ಸತ್ತಾಗ ಬ್ಯಾಕಪ್ ಲೈನ್ ತಕ್ಷಣ ಎತ್ತಿಕೊಳ್ಳಲಿಲ್ಲ ಎಂದು ಅಲ್ಲಿನ ಸಾರಿಗೆ ಸಚಿವರೇ ಒಪ್ಪಿಕೊಂಡರು. 2026ರ ಜನವರಿ 4ರಂದು ಗ್ರೀಸ್‌ನಲ್ಲಿ ರೇಡಿಯೊ ಫ್ರೀಕ್ವೆನ್ಸಿಗಳು ಸಾಲುಸಾಲಾಗಿ ಕೈಕೊಟ್ಟು, ಗಂಟೆಗಟ್ಟಲೆ ವಿಮಾನ ಸಂಚಾರ ಅಸ್ತವ್ಯಸ್ತವಾಯಿತು. ಅಲ್ಲೂ ಹಳೆಯ ಉಪಕರಣಗಳದೇ ಕಥೆ.

ನ್ಯೂಸ್‌ನಲ್ಲಿ 'ತಾಮ್ರ' ಅಂತ ಕೇಳಿದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ನಾನು ಟೆಲಿಫೋನ್ ಕೇಬಲ್ ಜಾಯಿಂಟ್ ಹಾಕಿಕೊಂಡೇ ರಿಟೈರ್ ಆದವನು. ಮಳೆಗಾಲದಲ್ಲಿ ಜಾಯಿಂಟಿಗೆ ನೀರಿಳಿದರೆ ಮೊದಲು ಕರಕರ ಸದ್ದು ಬರುತ್ತದೆ. ಆಮೇಲೆ ತಾಮ್ರಕ್ಕೆ ಹಸಿರು ಕಿಲುಬು. ಲೈನ್ ಒಂದೇ ಸಲಕ್ಕೆ ಸಾಯುವುದಿಲ್ಲ. ಹೋಗುತ್ತೆ, ಬರುತ್ತೆ, ಮತ್ತೆ ಹೋಗುತ್ತೆ. ನೋಡೋಣ ಅಂತ ಹೋದಾಗ ಸರಿಯಾಗೇ ಇರುತ್ತದೆ. ಹಾಗಾಗಿ ರಿಜಿಸ್ಟರಿನಲ್ಲಿ 'ದೋಷ ಕಂಡುಬಂದಿಲ್ಲ' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ.

ಇನ್ನೊಂದು ನೆನಪು. ಒಂದು ಎಕ್ಸ್‌ಚೇಂಜಿಗೆ ಎರಡು ಕೇಬಲ್ ಇದ್ದವು, ಒಂದು ಮುಖ್ಯ, ಒಂದು ಸ್ಟ್ಯಾಂಡ್‌ಬೈ. ನಕ್ಷೆಯಲ್ಲಿ ಕೆಂಪು ಗೆರೆ, ನೀಲಿ ಗೆರೆ, ನೋಡೋಕೆ ಚೆಂದ. ಚರಂಡಿ ಕೆಲಸಕ್ಕೆ ಬಂದ ಜೆಸಿಬಿ ಒಂದೇ ಸಲ ಬಕೆಟ್ ಎತ್ತಿದಾಗ ಎರಡರ ತುದಿಗಳೂ ಮಣ್ಣಿನ ಜೊತೆ ಮೇಲೆ ಬಂದವು. ಎರಡನ್ನೂ ಹಾಕಿದ್ದು ಒಂದೇ ಗುಂಡಿಯಲ್ಲಿ! ಗುಂಡಿ ತೋಡುವ ಖರ್ಚು ಉಳಿಯಿತಂತೆ.

ವಿಮಾನದ ರೇಡಿಯೊ ಗಾಳಿಯಲ್ಲಿ ಹೋಗುತ್ತೆ, ಕೇಬಲ್ ಯಾಕೆ ಅಂತ ಕೇಳಬಹುದು. ಕಂಟ್ರೋಲರ್‌ಗಳ ಮಾತು 118ರಿಂದ 137 ಮೆಗಾಹರ್ಟ್ಸ್ ನಡುವೆ ಓಡಾಡುತ್ತದೆ. ಈ ಅಲೆ ಹೆಚ್ಚುಕಡಿಮೆ ನೇರ ದೃಷ್ಟಿಯಲ್ಲೇ ಹೋಗುವುದು. ಗುಡ್ಡ ಅಡ್ಡ ಬಂದರೆ ಅಲ್ಲಿಗೆ ಮುಗಿಯಿತು. ನಂದಿ ಬೆಟ್ಟದ ಹಿಂದಿನ ಹಳ್ಳಿಗಳಲ್ಲಿ ಮೊಬೈಲ್ ಸಿಗ್ನಲ್‌ಗೆ ಪರದಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಆಂಟೆನಾಗಳನ್ನು ಕಂಟ್ರೋಲರ್‌ಗಳು ಕೂರುವ ಟವರ್‌ನಿಂದ ದೂರ, ಬಯಲಲ್ಲೋ ಎತ್ತರದಲ್ಲೋ ನಿಲ್ಲಿಸುತ್ತಾರೆ. ಕಳಿಸುವುದು ಒಂದು ಕಡೆ, ಕೇಳಿಸಿಕೊಳ್ಳುವುದು ಇನ್ನೊಂದು ಕಡೆ. ಕಂಟ್ರೋಲರ್ ಬಾಯಿಂದ ಆಂಟೆನಾದ ಬುಡದ ತನಕ ಆ ಮಾತನ್ನು ಹೊತ್ತುಕೊಂಡು ಹೋಗುವುದು ಕೇಬಲ್ಲೋ ಇನ್ನೊಂದು ಲಿಂಕೋ. ಸೆಟ್ ಎಷ್ಟೇ ಹೊಸದಿರಲಿ, ಈ ದಾರಿ ಹಳೆಯದಾದರೆ ಪ್ರಯೋಜನವಿಲ್ಲ.

ಆ ರೇಡಿಯೊದಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಕೀ... ಅನ್ನುವ ಸದ್ದು, ಇಬ್ಬರ ಮಾತೂ ಹಾಳು. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೊ ವಿಮಾನ ಡಿಕ್ಕಿಯಾಗಿ 583 ಜನ ಸತ್ತರಲ್ಲ, ಆವತ್ತಿನ ಹಲವು ಕಾರಣಗಳಲ್ಲಿ ಇದೂ ಒಂದು. ತಡೆಯಬಹುದಾಗಿದ್ದ ಮಾತು ಮೂರ್ನಾಲ್ಕು ಸೆಕೆಂಡಿನ ಆ ಸದ್ದಿನಲ್ಲಿ ಮುಳುಗಿತು.

ಸುಮ್ನೆ ಹೆದರಿಸುವುದು ನನ್ನ ಉದ್ದೇಶ ಅಲ್ಲ. ರೇಡಿಯೊ ಹೋದ ಮಾತ್ರಕ್ಕೆ ವಿಮಾನ ಬೀಳುವುದಿಲ್ಲ. ಪೈಲಟ್ 7600 ಅಂತ ಕೋಡ್ ಹಾಕಿದರೆ ರೇಡಿಯೊ ಕೆಟ್ಟಿದೆ ಎಂದು ನೆಲದವರಿಗೆ ಗೊತ್ತಾಗುತ್ತದೆ. ತುರ್ತು ಮಾತಿಗೆ 121.5 ಮೆಗಾಹರ್ಟ್ಸ್ ಇದೆ. ಪಕ್ಕದ ವಿಮಾನದವರು ಮಾತು ದಾಟಿಸುತ್ತಾರೆ. ಟವರ್‌ನಿಂದ ಹಸಿರು, ಕೆಂಪು ದೀಪ ತೋರಿಸಿಯೂ ಇಳಿಸಬಹುದು. ಆದರೆ ಇವೆಲ್ಲ ಒಂದು ವಿಮಾನದ ರೇಡಿಯೊ ಕೆಟ್ಟಾಗ ಸಲೀಸು. ನೆಲದ ಕಡೆಯೇ ಸ್ತಬ್ಧವಾದರೆ ಹತ್ತಾರು ಪೈಲಟ್‌ಗಳು ಒಟ್ಟಿಗೆ ಕಿವುಡರಾಗುತ್ತಾರೆ. ದೇವನಹಳ್ಳಿಯಲ್ಲಿ ಈಗ ಎರಡು ರನ್‌ವೇ. ವರ್ಷಕ್ಕೆ 4 ಕೋಟಿಗೂ ಜಾಸ್ತಿ ಪ್ರಯಾಣಿಕರು. ಪ್ರಯಾಣಿಕರ ಮಾತು ಬಿಡಿ, ನಮ್ಮ ತಾಲ್ಲೂಕಿನ ಗುಲಾಬಿ ಹೊರದೇಶಕ್ಕೆ ಹೋಗುವುದೂ ಅಲ್ಲಿಂದಲೇ. ಅರ್ಧ ದಿನ ತಡವಾದರೆ ಹೂವಿನ ಗತಿ ಏನು ಅಂತ ಬೆಳೆದವರನ್ನು ಕೇಳಿ.

ನಮ್ಮ ದೇಶದಲ್ಲೂ ಒಂದು ಎಚ್ಚರಿಕೆ ಸಿಕ್ಕಿದೆ. 2025ರ ನವೆಂಬರ್‌ನಲ್ಲಿ ದಿಲ್ಲಿ ನಿಲ್ದಾಣದಲ್ಲಿ ವಿಮಾನಗಳ ಫ್ಲೈಟ್ ಪ್ಲಾನ್ ರವಾನಿಸುವ ವ್ಯವಸ್ಥೆ ಕೈಕೊಟ್ಟಿತು. ಸಿಬ್ಬಂದಿ ಕೈಯಲ್ಲೇ ಕೆಲಸ ಮಾಡಬೇಕಾಯಿತು, ನೂರಾರು ವಿಮಾನ ತಡವಾದವು. ಅದು ರೇಡಿಯೊ ಅಲ್ಲ, ನಿಜ. ಆದರೆ ಅದೂ ವಿಮಾನ ಸಂಚಾರ ನಿಯಂತ್ರಣದ್ದೇ ಒಂದು ಅಂಗ. ದೊಡ್ಡದಾಗಿ ಕೆಟ್ಟಿತು, ಅದಕ್ಕೇ ಸುದ್ದಿಯಾಯಿತು. ಒಂದು ನಿಮಿಷ ಕೆಟ್ಟು ತಾನಾಗಿಯೇ ಸರಿಹೋದದ್ದನ್ನು ಯಾರು ಕೇಳುತ್ತಾರೆ? ನೀವು ಡಾಕ್ಟರು. ರೋಗಿಯ ಜ್ವರ ರಾತ್ರಿ ಏರಿ ಬೆಳಿಗ್ಗೆ ತಾನೇ ಇಳಿದರೂ ಚಾರ್ಟಿನಲ್ಲಿ ಬರೆಸುತ್ತೀರಿ ತಾನೇ?

ವಿಮಾನ ನಿಲ್ದಾಣ ನಡೆಸುವ ಕಂಪನಿಯನ್ನು ಇದಕ್ಕೆ ಕೇಳಿ ಫಲವಿಲ್ಲ. ಕಂಟ್ರೋಲ್ ಇರುವುದು ಕೇಂದ್ರದ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಕೈಯಲ್ಲಿ. ಹಾಗಾಗಿ ಲೋಕಸಭೆಯಲ್ಲಿ ವಿಮಾನಯಾನ ಸಚಿವರನ್ನೇ ಕೇಳಿ. ಚುಕ್ಕೆ ಗುರುತಿಲ್ಲದ ಪ್ರಶ್ನೆಯಾದರೂ ಸಾಕು, ಲಿಖಿತ ಉತ್ತರ ಬರುತ್ತದೆ. ದೇವನಹಳ್ಳಿಯ ಮುಖ್ಯ ರೇಡಿಯೊ ಮತ್ತು ಸ್ಟ್ಯಾಂಡ್‌ಬೈ ರೇಡಿಯೊದ ಲೈನುಗಳು ಬೇರೆ ಬೇರೆ ಗುಂಡಿಯಲ್ಲಿ, ಬೇರೆ ಬೇರೆ ಕರೆಂಟಿನಲ್ಲಿ ಇವೆಯೇ? ಮುಖ್ಯ ಲೈನನ್ನು ಬೇಕೆಂದೇ ಕಿತ್ತು ಸ್ಟ್ಯಾಂಡ್‌ಬೈ ಎತ್ತಿಕೊಳ್ಳುತ್ತದಾ ಎಂದು ಕೊನೆಯ ಸಲ ನೋಡಿದ್ದು ಯಾವಾಗ? ಕಳೆದ ಮೂರು ವರ್ಷದಲ್ಲಿ ಎಷ್ಟು ಸಲ, ಎಷ್ಟು ಸೆಕೆಂಡ್ ಮಾತು ಕಡಿದಿದೆ? ಆ ಪಟ್ಟಿಯನ್ನು ಪ್ರತಿ ತಿಂಗಳೂ ಜನ ನೋಡುವ ಹಾಗೆ ಹಾಕಲಿ. ಇದರಲ್ಲಿ ದೇಶದ ಗುಟ್ಟು ಏನೂ ಇಲ್ಲ. ಹಾಗೇ, ದೋಷ ಬರೆದುಕೊಟ್ಟ ಟೆಕ್ನೀಷಿಯನ್‌ಗೆ ನೋಟಿಸ್ ಕೊಡಬಾರದು. ಕೊಟ್ಟರೆ ಎಲ್ಲರೂ ಮತ್ತೆ 'ದೋಷ ಕಂಡುಬಂದಿಲ್ಲ' ಎಂದೇ ಬರೆಯುತ್ತಾರೆ.

ಪ್ರಶ್ನೆಯ ಕರಡು ಬೇಕಿದ್ದರೆ ನಾನೇ ಬರೆದು ನಿಮ್ಮ ಚಿಕ್ಕಬಳ್ಳಾಪುರದ ಕಚೇರಿಗೆ ತಂದುಕೊಡುತ್ತೇನೆ. ಮುಂದಿನ ಅಧಿವೇಶನಕ್ಕೆ ಸೇರಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ,
ಚಿಕ್ಕಬಳ್ಳಾಪುರ