ಪುಸ್ತಿಕೆಯಷ್ಟೇ ಸಿಕ್ಕವರಿಗೂ ಥ್ಯಾಂಕ್ಸ್

ಎಲ್ಲರಿಗೂ ನಮಸ್ಕಾರ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿ, ಕೀಮೋ ಮುಗಿದು ಎರಡು ವರ್ಷ ತುಂಬಿತು. ಮೊನ್ನೆಯ ಸ್ಕ್ಯಾನ್ ಕ್ಲಿಯರ್. ಊಟ ಕಳಿಸಿದವರಿಗೆ, ಕೇಳುವ ಮೊದಲೇ ದುಡ್ಡು ಹಾಕಿದ ಭಾವನಿಗೆ ದೊಡ್ಡ ಥ್ಯಾಂಕ್ಸ್.

ಜಾಸ್ತಿ ಹೇಳಬೇಕಿರುವುದು ನನ್ನನ್ನು ನಡೆಸಿದವರ ಬಗ್ಗೆ. ಕೀಮೋ ಮುಗಿದಾಗ ಅಂಗಾಲು ಸದಾ ಜೋಮು ಹಿಡಿದಂತೆ ಇರುತ್ತಿತ್ತು. ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧಿ ತೆಗೆದುಕೊಂಡವರಿಗೆ ಇದು ಮಾಮೂಲಿ. ನೆಂಟರೆಲ್ಲ "ಸುಮ್ನೆ ಮಲಗಿರಿ" ಅನ್ನುತ್ತಿದ್ದರು. ಫಿಸಿಯೋಥೆರಪಿ ಮೇಡಂ ಬಿಡಲಿಲ್ಲ. ಮೊದಲು ವರಾಂಡ, ಆಮೇಲೆ ನಮ್ಮ ಬೀದಿ, ಕೊನೆಗೆ ಕುಕ್ಕರಹಳ್ಳಿ ಕೆರೆ ಏರಿ. ಭಾರ ಎತ್ತಿದ್ದಕ್ಕೆ ಗದರಿದ್ದೂ ಅವರೇ. "ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ಬಿರುಸಾಗಿ ನಡೀರಿ" ಅನ್ನುವರು. (ಹಾಡೋಕೆ ನನಗೆ ಮೊದಲೂ ಬರುತ್ತಿರಲಿಲ್ಲ.)

2025ರ ಜೂನ್‌ನಲ್ಲಿ 'ಚಾಲೆಂಜ್' ಎಂಬ ಅಧ್ಯಯನದ ಫಲಿತಾಂಶ ಬಂತು. ನನ್ನ ಡಾಕ್ಟರೇ ಕೂರಿಸಿ ವಿವರಿಸಿದರು. ಕೆನಡಾದವರು ಮುಂದೆ ನಿಂತು ಮಾಡಿದ್ದು, ಆಸ್ಟ್ರೇಲಿಯಾದವರೂ ಸೇರಿದ್ದರು. ಒಟ್ಟು 889 ಜನ, ಎಲ್ಲರೂ ನನ್ನ ಹಾಗೆ ಆಪರೇಷನ್, ಕೀಮೋ ಮುಗಿಸಿದವರು. ಅರ್ಧ ಜನರಿಗೆ 3 ವರ್ಷ ಬೆನ್ನು ಬಿಡದೆ ವ್ಯಾಯಾಮ ಮಾಡಿಸಿದರು. ಬಿರುಸು ನಡಿಗೆಯಾದರೂ ನಡೆಯುತ್ತಿತ್ತು. ಉಳಿದವರಿಗೆ ಆರೋಗ್ಯ ಮಾಹಿತಿಯ ಪುಸ್ತಿಕೆ ಮಾತ್ರ. 8 ವರ್ಷದ ಲೆಕ್ಕ ನೋಡಿದರೆ ವ್ಯಾಯಾಮದ ಗುಂಪಿನಲ್ಲಿ ನೂರಕ್ಕೆ ಸುಮಾರು 90 ಜನ ಬದುಕಿದ್ದರು, ಪುಸ್ತಿಕೆಯ ಗುಂಪಿನಲ್ಲಿ 83. ಮೈಕೈ ನೋವು ವ್ಯಾಯಾಮದವರಿಗೇ ಜಾಸ್ತಿ, ಅದೂ ನಿಜ. ಗುದನಾಳದ ಕ್ಯಾನ್ಸರ್‌ನವರು ಇದರಲ್ಲಿ ಇರಲಿಲ್ಲ, ಹಾಗಾಗಿ ಅವರು ತಮ್ಮ ಡಾಕ್ಟರನ್ನೇ ಕೇಳಬೇಕು.

ನನ್ನ ತಲೆಯಿಂದ ಹೋಗದಿರುವುದು ಆ ಪುಸ್ತಿಕೆ ಸಿಕ್ಕವರು. ಯಾರು ಯಾವ ಗುಂಪು ಅನ್ನುವುದು ಚೀಟಿ ಎತ್ತಿದ ಹಾಗೆ ನಿರ್ಧಾರವಾಗಿತ್ತು. ಅವರಿಲ್ಲದಿದ್ದರೆ "ಗಟ್ಟಿ ಇರುವವರೇ ನಡೆಯುತ್ತಾರೆ, ಅದಕ್ಕೇ ಹೆಚ್ಚು ಬದುಕುತ್ತಾರೆ" ಎಂದು ತಳ್ಳಿಹಾಕಬಹುದಿತ್ತು, ಅಲ್ವಾ? ನಡಿಗೆಯಿಂದಲೇ ಗುಣವಾಯಿತು ಎಂದು ನಾನು ಹೇಳಲಾರೆ. ಆಪರೇಷನ್, ಕೀಮೋ ಮಾಡಿದ ಕೆಲಸ ದೊಡ್ಡದು. ಆದರೆ ಬೆಳಗ್ಗೆ ಎದ್ದು ಶೂ ಹಾಕಲು ಬೇಜಾರಾದಾಗ ಆ ಹೆಸರು ಗೊತ್ತಿಲ್ಲದ ಜನ ನೆನಪಾಗುತ್ತಾರೆ. ಅವರಿಗೆ ನನ್ನ ನಮಸ್ಕಾರ.

ಮೈಸೂರಿನಲ್ಲಿ ಯಾರಾದರೂ ಚಿಕಿತ್ಸೆ ಮುಗಿಸಿ, ಡಾಕ್ಟರ್ ಸರಿ ಅಂದರೂ ಒಬ್ಬರೇ ನಡೆಯಲು ಅಳುಕುತ್ತಿದ್ದರೆ ಮೆಸೇಜ್ ಮಾಡಿ. ಬೆಳಗ್ಗೆ ಆರಕ್ಕೆ ನಮ್ಮ ಗುಂಪು ಕೆರೆ ಹತ್ತಿರ ಇರುತ್ತದೆ. ನಿಧಾನದವರಿಗೂ ಜೊತೆ ಇದೆ.