ವಾಡಿ ಜಂಕ್ಷನ್‌ನ ಚಹಾದ ಅಮ್ಮನಿಗೆ

ಅಮ್ಮಾ, ನಿಮ್ಮ ಹೆಸರು ಕೇಳಲೂ ನಮಗೆ ಆವತ್ತು ತೋಚಲಿಲ್ಲ. ನಮ್ಮ ಅಕ್ಕನ ಮಗಳಿಗೆ ಆಗ ಹದಿನೈದು. ‘ಗಾರ್ಮೆಂಟ್ಸ್ ಕೆಲಸ, ಊಟ-ವಸತಿ ಫ್ರೀ’ ಅಂತ ಹೇಳಿ ಕರೆದೊಯ್ಯುತ್ತಿದ್ದವನು ಅವಳ ಫೋನ್ ಕಿತ್ತು ತನ್ನ ಜೇಬಿಗೆ ಹಾಕಿಕೊಂಡಿದ್ದ. ಪ್ಲಾಟ್‌ಫಾರ್ಮಿನಲ್ಲಿ ಅದನ್ನು ಕಂಡವರು ಎಷ್ಟೋ ಜನ. ಗಮನಿಸಿದ್ದು ನೀವೊಬ್ಬರೇ. ಚಹಾ ಕೊಡುವ ನೆಪದಲ್ಲಿ ‘ಯಾವೂರವ್ವಾ, ಎಲ್ಲಿಗೆ ಹೊಂಟಿ?’ ಅಂತ ಕೇಳಿದಿರಿ. ಎಲ್ಲಿಗೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ನೀವು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದಿರಿ, ರೈಲ್ವೆ ಪೊಲೀಸರು ಬರುವ ತನಕ ಅವಳ ಕೈ ಬಿಡಲಿಲ್ಲ.

ಕಾನೂನಿನಂತೆ 24 ಗಂಟೆಯೊಳಗೆ ಅವಳನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದರು. ನಾವು ಓಡಿಬಂದೆವು.

ಊರಿನಲ್ಲಿ ಕೆಲವರು, ‘ಅವಳೇ ಒಪ್ಪಿ ಹೋದಳಲ್ಲ’ ಅಂದರು. ಆ ಮಾತು ಅವಳನ್ನು ಎಷ್ಟು ಸುಟ್ಟಿತೋ! ಆಮೇಲೆ ವಕೀಲರೊಬ್ಬರು ತಿಳಿಸಿ ಹೇಳಿದರು: ಮಾನವ ಕಳ್ಳಸಾಗಣೆಯ ಅಪರಾಧದಲ್ಲಿ ಬಲಿಯಾದವರ ಒಪ್ಪಿಗೆಯನ್ನು ಕಾನೂನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಸಂವಿಧಾನದ 23ನೇ ವಿಧಿಯೇ ಮನುಷ್ಯರ ಮಾರಾಟವನ್ನೂ ಬಿಟ್ಟಿ ದುಡಿಮೆಯನ್ನೂ ನಿಷೇಧಿಸಿದೆ. ಮೋಸದಿಂದ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅಂತ ಅವಳಿಗೆ ದಿನಕ್ಕೆ ಹತ್ತು ಸಲ ಹೇಳಿದೆವು. ತಪ್ಪು ತನ್ನದಲ್ಲ ಅಂತ ನಂಬಲು ಅವಳಿಗೆ ತಿಂಗಳುಗಳೇ ಬೇಕಾದವು. ನೀವು ಮಾತ್ರ ಮೊದಲ ಕ್ಷಣದಲ್ಲೇ ಅವಳನ್ನು ಮಗಳಂತೆ ಕಂಡಿರಿ, ಒಂದು ಪ್ರಶ್ನೆಯನ್ನೂ ಅನುಮಾನದಿಂದ ಕೇಳಲಿಲ್ಲ.

ಈಗ ಅವಳು ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ. ಆವತ್ತು ನೀವು ಚಹಾದ ದುಡ್ಡೂ ತಗೊಳ್ಳಲಿಲ್ಲವಂತೆ. ನಿಮಗೆ ನಮ್ಮ ಇಡೀ ಮನೆಯ ಶರಣು, ಅಮ್ಮಾ.