5060 ಟಿಐ ಕಾರ್ಡ್: ಇನ್ನು ಮುಂದೆ 16 ಜಿಬಿ ಮಾತ್ರ

ಮಾನ್ಯ ಗ್ರಾಹಕರೇ,

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮಲ್ಲಿ ಆರ್‌ಟಿಎಕ್ಸ್ 5060 ಟಿಐ ಗ್ರಾಫಿಕ್ಸ್ ಕಾರ್ಡಿನ (ಆಟ, ವಿಡಿಯೊಗಳ ಚಿತ್ರ ಮೂಡಿಸುವ ಕಾರ್ಡ್) 8 ಜಿಬಿ ಮೆಮೊರಿಯ ಮಾದರಿ ಸಿಗುವುದಿಲ್ಲ. 16 ಜಿಬಿಯದನ್ನು ಮಾತ್ರ ಇಡುತ್ತೇವೆ. ಜೊತೆಗೆ ಜಿಟಿ 730ರ 4 ಜಿಬಿ ಕಾರ್ಡನ್ನೂ ಮಾರುವುದು ನಿಲ್ಲಿಸುತ್ತಿದ್ದೇವೆ. ಒಂದು ಕಡೆ ಹೆಚ್ಚು ಮೆಮೊರಿ ಬೇಕು ಅನ್ನುತ್ತೀರಿ, ಇನ್ನೊಂದು ಕಡೆ ಹಳೆಯ ಸಣ್ಣ ಚಿಪ್ಪಿಗೆ 4 ಜಿಬಿಯಷ್ಟು ಮೆಮೊರಿಯಿರುವ ಜಿಟಿ 730ನ್ನೇ ಕೈಬಿಡುತ್ತೀರಿ, ಏಕೆ ಎಂದು ಕೆಲವರು ಈಗಾಗಲೇ ಕೇಳಿದ್ದಾರೆ. ಎರಡಕ್ಕೂ ಕಾರಣ ಒಂದೇ: ಮೆಮೊರಿ ಎಷ್ಟಿರಬೇಕು ಎಂಬುದನ್ನು ಚಿಪ್ಪಿನ ಶಕ್ತಿ ಮತ್ತು ನಿಮ್ಮ ಕೆಲಸ ಎರಡೂ ಸೇರಿ ನಿರ್ಧರಿಸುತ್ತವೆ.

5060 ಟಿಐಯ ಎರಡೂ ಮಾದರಿಗಳಲ್ಲಿ ಚಿಪ್ ಒಂದೇ, 4608 ಕೋರ್‌ಗಳೂ ಅವೇ, ಮೆಮೊರಿಯ ವೇಗವೂ ಸೆಕೆಂಡಿಗೆ 448 ಜಿಬಿ. 2025ರ ಏಪ್ರಿಲ್‌ನಲ್ಲಿ ಬಂದಾಗ ಎನ್‌ವಿಡಿಯಾ ಇಟ್ಟ ಬೆಲೆ 8 ಜಿಬಿಯದಕ್ಕೆ 379, 16 ಜಿಬಿಯದಕ್ಕೆ 429 ಡಾಲರ್. ನೀವು ಆಡುವ ಆಟ 8 ಜಿಬಿಯೊಳಗೆ ಹಿಡಿದರೆ 16 ಜಿಬಿ ಕಾರ್ಡ್ ಹಾಕಿಯೂ ನಿಮಗೆ ವ್ಯತ್ಯಾಸ ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ನಮ್ಮ ಕರ್ತವ್ಯ.

ಹಿಡಿಯದಿದ್ದರೆ ಮಾತ್ರ ಪರಿಸ್ಥಿತಿ ಪೂರ್ತಿ ಬೇರೆ. ಮಿಕ್ಕಿದ್ದೆಲ್ಲ ಕಂಪ್ಯೂಟರಿನ ರ‍್ಯಾಮ್‌ಗೆ ಹೋಗುತ್ತದೆ, ಬೇಕಾದಾಗಲೆಲ್ಲ ಪಿಸಿಐಇ ಸ್ಲಾಟಿನ (ಬೋರ್ಡಿನಲ್ಲಿ ಕಾರ್ಡ್ ಕೂರಿಸುವ ಜಾಗ) ಮೂಲಕ ವಾಪಸ್ ಬರಬೇಕಾಗುತ್ತದೆ. ಈ ಕಾರ್ಡ್ ಸ್ಲಾಟಿನಲ್ಲಿ ಮಾಹಿತಿ ಸಾಗುವ 16 ಲೇನ್‌ಗಳಲ್ಲಿ 8ನ್ನಷ್ಟೇ ಬಳಸುತ್ತದೆ. ಹಳೆಯ ಕಂಪ್ಯೂಟರಿಗೆ ಹೊಸ ಕಾರ್ಡ್ ಹಾಕಿಸಲು ಬರುವವರ ಬಳಿ ಬಿ450 ಮದರ್‌ಬೋರ್ಡೋ ಇಂಟೆಲ್‌ನ 10ನೇ ತಲೆಮಾರಿನ ಪ್ರೊಸೆಸರೋ ಇದ್ದರೆ, ಅಲ್ಲಿರುವುದು ಹಳೆಯ, ನಿಧಾನದ ಪಿಸಿಐಇ 3.0. ಆ ದಾರಿಯಲ್ಲಿ ಸೆಕೆಂಡಿಗೆ ಬರುವುದು ಸುಮಾರು 8 ಜಿಬಿ. 448 ಎಲ್ಲಿ, 8 ಎಲ್ಲಿ! ಪರಿಣಾಮವಾಗಿ ಆಟ ನಡುನಡುವೆ ಗಕ್ಕನೆ ನಿಂತು ಮುಂದೆ ಹೋಗುತ್ತದೆ, ಕೆಲವು ಆಟಗಳಲ್ಲಿ ಗೋಡೆ, ಬಟ್ಟೆಗಳೆಲ್ಲ ಮಸುಕಾಗಿಯೇ ಉಳಿಯುತ್ತವೆ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ನೋಡಿದರೆ ಇದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಅದಕ್ಕೇ ಬರಿಯ ಸರಾಸರಿ ನೋಡಿ ಕಾರ್ಡ್ ಆರಿಸಬೇಡಿ ಎಂದು ಪದೇ ಪದೇ ಹೇಳುತ್ತೇವೆ.

ಆಟದ ಸೆಟ್ಟಿಂಗಿನಲ್ಲಿ ಟೆಕ್ಸ್‌ಚರ್ (ಗೋಡೆ, ಬಟ್ಟೆಗಳ ಮೇಲ್ಮೈ ಚಿತ್ರದ ಸ್ಪಷ್ಟತೆ) ಒಂದು ಹಂತ ಇಳಿಸಿದರೆ 8 ಜಿಬಿಯಲ್ಲೂ ಬಹಳಷ್ಟು ಆಟಗಳು ಸರಿಹೋಗುತ್ತವೆ, ನಿಜ. ಆದರೆ ಬೆಳಕು-ನೆರಳನ್ನು ನೈಜವಾಗಿ ತೋರಿಸುವ ರೇ ಟ್ರೇಸಿಂಗ್, ಎರಡು ಫ್ರೇಮ್‌ಗಳ ನಡುವೆ ಹೊಸ ಫ್ರೇಮ್ ಸೇರಿಸುವ ಫ್ರೇಮ್ ಜನರೇಶನ್ ಎರಡೂ ತಮ್ಮ ಪಾಲಿನ ಮೆಮೊರಿ ಕೇಳುತ್ತವೆ. ಅವನ್ನು ನಡೆಸುವ ಶಕ್ತಿ ಈ ಚಿಪ್ಪಿಗಿದೆ. ಶಕ್ತಿಯಿದ್ದೂ ಜಾಗವಿಲ್ಲದೆ ಸೊರಗುವ ಕಾರ್ಡನ್ನು ನಾಲ್ಕೈದು ವರ್ಷ ಬಳಸಲೆಂದು ನಿಮ್ಮ ಕೈಗಿಡಲು ನಮಗೆ ಮನಸ್ಸಿಲ್ಲ.

ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೋದವರಿಗೆ ಇದು ಇನ್ನೂ ಮುಖ್ಯ. 4ಕೆ ಟೈಮ್‌ಲೈನ್‌ನಲ್ಲಿ ನಾಯ್ಸ್ ರಿಡಕ್ಷನ್ (ಚಿತ್ರದ ಕಾಳುಕಾಳು ತೆಗೆಯುವುದು) ಹಾಕಿ, ಮೇಲೆ ನಾಲ್ಕು ಎಫೆಕ್ಟ್ ಸೇರಿಸಿದಾಗ ಜಿಪಿಯು (ಗ್ರಾಫಿಕ್ಸ್ ಚಿಪ್) ಮೆಮೊರಿ ತುಂಬಿತೆಂದು ರೆಂಡರ್ ಅರ್ಧಕ್ಕೇ ನಿಂತರೆ ಸೆಟ್ಟಿಂಗ್ ಇಳಿಸುವುದು ಪರಿಹಾರವಲ್ಲ. ವಿಡಿಯೊ ಕೊಡುವ ದಿನ ಮುಂದೆ ಹೋಗುತ್ತದೆ. ಮನೆಯಲ್ಲೇ ಎಐ ಭಾಷಾ ಮಾದರಿ ಓಡಿಸುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಇದೇ ಮಾತು. 800 ಕೋಟಿ ಪ್ಯಾರಾಮೀಟರಿನ (ಮಾದರಿ ಕಲಿತದ್ದನ್ನು ಹಿಡಿದಿಡುವ ಸಂಖ್ಯೆಗಳು) ಮಾದರಿಯನ್ನು, ಒಂದೊಂದು ಸಂಖ್ಯೆಗೂ 4 ಬಿಟ್‌ನಷ್ಟೇ ಜಾಗ ಸಾಕಾಗುವಂತೆ ಕುಗ್ಗಿಸಿದರೆ 8 ಜಿಬಿಯಲ್ಲಿ ಹಿಡಿಯುತ್ತದೆ. 1400 ಕೋಟಿಯದ್ದಕ್ಕೆ ಹಾಗೆ ಕುಗ್ಗಿಸಿದರೂ ಸುಮಾರು 9 ಜಿಬಿ ಬೇಕು.

ಇನ್ನು ಜಿಟಿ 730. ಡಬ್ಬಿಯ ಮೇಲಿನ 4 ಜಿಬಿ ಎಂಬ ದಪ್ಪಕ್ಷರ ನೋಡಿ ಮಕ್ಕಳಿಗೆಂದು ಕೇಳುವವರು ಈಗಲೂ ಇದ್ದಾರೆ. ಅದು 2014ರ ಕಾರ್ಡ್. ಡಿಡಿಆರ್3 ಎಂಬ ಹಳೆಯ ಬಗೆಯ ಮೆಮೊರಿ, ವೇಗ ಸೆಕೆಂಡಿಗೆ ಸುಮಾರು 14 ಜಿಬಿ. ಆ 4 ಜಿಬಿ ತುಂಬುವಂಥ ಆಟ ಹಾಕಿದರೆ ಮೆಮೊರಿ ತುಂಬುವ ಮೊದಲೇ ಚಿಪ್ ಕೈಚೆಲ್ಲುತ್ತದೆ. ರೈಜನ್ 5 5600ಜಿ ಪ್ರೊಸೆಸರಿನ ಒಳಗೇ ಬರುವ ಗ್ರಾಫಿಕ್ಸ್ ಇದಕ್ಕಿಂತ ಮೇಲು.

ವ್ಯಾಲರಂಟ್‌ನಂಥ ಆಟಗಳಷ್ಟೇ ಸಾಕೆನ್ನುವವರಿಗೆ 8 ಜಿಬಿಯ ಆರ್‌ಟಿಎಕ್ಸ್ 5050 ಎಂದಿನಂತೆ ಸಿಗುತ್ತದೆ. ಟ್ಯಾಲಿ, ನುಡಿ, ಬ್ರೌಸರ್ ಇಷ್ಟೇ ನಿಮ್ಮ ಕೆಲಸವಾದರೆ ಕಾರ್ಡೇ ಬೇಡ. ಆ ದುಡ್ಡಿಗೆ ಒಳ್ಳೆಯ ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿಸಿ.

ಯಾವುದು ಬೇಕೆಂದು ಗೊತ್ತಾಗದಿದ್ದರೆ, ದಿನನಿತ್ಯದ ಆಟವೋ ಎಡಿಟಿಂಗೋ ನಡೆಯುತ್ತಿರುವಾಗಲೇ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಜಿಪಿಯು ಪುಟದ ಫೋಟೊ ತೆಗೆದು ತನ್ನಿ. ಅಲ್ಲಿ ಡೆಡಿಕೇಟೆಡ್ ಎಂದಿರುವುದೇ ಕಾರ್ಡಿನ ಸ್ವಂತ ಮೆಮೊರಿ. ಶೇರ್ಡ್ ಎಂಬುದು ರ‍್ಯಾಮ್‌ನದು, ಅದನ್ನು ಕೂಡಿಸಿ ಲೆಕ್ಕ ಹಾಕಬೇಡಿ.

8 ಜಿಬಿ ಕಾರ್ಡಿಗೆ ಈಗಾಗಲೇ ಮುಂಗಡ ಕೊಟ್ಟವರಿಗೆ ಮಾತಿನಂತೆ ಅದನ್ನೇ ಕೊಡುತ್ತೇವೆ. 16 ಜಿಬಿಗೆ ಬದಲಾಯಿಸುವುದಾದರೆ ನಮ್ಮ ಖರೀದಿ ಬಿಲ್ಲಿನಲ್ಲಿರುವ ವ್ಯತ್ಯಾಸವನ್ನಷ್ಟೇ ಪಡೆಯುತ್ತೇವೆ, ನಮ್ಮ ಲಾಭ ಸೇರಿಸುವುದಿಲ್ಲ. 2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಏರಿರುವುದರಿಂದ ಆ ವ್ಯತ್ಯಾಸ ವಾರದಿಂದ ವಾರಕ್ಕೆ ಬದಲಾಗುತ್ತದೆ. ದಯವಿಟ್ಟು ತಿಂಗಳ ಕೊನೆಯೊಳಗೆ ತಿಳಿಸಿ.

ಇಂತಿ,
ಅಂಗಡಿಯ ಬಳಗ